ಚಾರ್‌ಮಿನಾರ್ ನೆರಳಲ್ಲಿ ಬ್ಯಾರಿ ಬಾಸೆ

ಹೈದರಾಬಾದ್‌ಗೆ ಹೋಗಿ ಬಂದವರಿಗೆ ನಮ್ಮ ಊರಲ್ಲಿ ಬೀಳುವ ಮೊದಲ ಪ್ರಶ್ನೆ, 'ಬಿರಿಯಾನಿ ಹೇಗಿತ್ತು?' ಅದನ್ನು ಮೊದಲೇ ಹೇಳಿ ಮುಗಿಸುತ್ತೇವೆ. ಅಲ್ಲಿನದು ಕಚ್ಚಿ ಬಿರಿಯಾನಿ. ಮಸಾಲೆಯಲ್ಲಿ ನೆನೆಸಿದ ಹಸಿ ಮಾಂಸದ ಮೇಲೆ ಅರೆಬೆಂದ ಅನ್ನ ಹರಡಿ ದಮ್ ಕೊಡುತ್ತಾರೆ. ನಮ್ಮಲ್ಲಿ ಮಸಾಲೆ ಬೇರೆ, ಅನ್ನ ಬೇರೆ ಬೇಯಿಸಿ ಆಮೇಲೆ ಸೇರಿಸುವುದು. ಯಾವುದು ಮೇಲು ಎಂಬ ಜಗಳ ನಮ್ಮ ತಂಡದಲ್ಲಿ ಇನ್ನೂ ಮುಗಿದಿಲ್ಲ!

ಹಳೆ ಶಹರಕ್ಕೆ ಕಾಲಿಟ್ಟ ಕೂಡಲೇ ಕಿವಿ ತುಂಬುವುದು ಆಟೋಗಳ ಹಾರನ್. ಅತ್ತರಿನ ವಾಸನೆ, ಮುತ್ತಿನ ಅಂಗಡಿಗಳು, ತಳ್ಳುಗಾಡಿಯ ಹಣ್ಣು, ಇವೆಲ್ಲದರ ನಡುವೆ ಚಾರ್‌ಮಿನಾರ್. ನಗರ ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಷಾ 1591ರಲ್ಲಿ ನಿಲ್ಲಿಸಿದ ಕಟ್ಟಡ. ಅದರ ಮೇಲಂತಸ್ತಿನಲ್ಲಿ ಒಂದು ಮಸೀದಿಯೂ ಉಂಟು. ಮಿನಾರದೊಳಗಿನ ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತುವಾಗ ಹಿರಿಯರಿಗೆ ಸ್ವಲ್ಪ ಏದುಸಿರು ಬರುತ್ತದೆ. ಹತ್ತಿದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ, ಪಕ್ಕದಲ್ಲೇ ಮಕ್ಕಾ ಮಸೀದಿಯ ವಿಶಾಲ ಅಂಗಳ. ಕುತುಬ್ ಷಾಹಿಗಳು ಶುರು ಮಾಡಿದ ಆ ಮಸೀದಿಯ ಕೆಲಸ ಮುಗಿದದ್ದು 1694ರಲ್ಲಿ, ಔರಂಗಜೇಬನ ಕಾಲದಲ್ಲಿ.

ಚಾರ್‌ಮಿನಾರ್‌ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಲಾಡ್ ಬಜಾರ್. ಅರಗಿನ ಬಳೆಗೆ ಕನ್ನಡಿ ಚೂರು, ಹರಳು ಕೂರಿಸಿ ಮಾರುವ ಬೀದಿ. ನಮ್ಮ ಹೆಂಗಸರು ತಮ್ಮೊಳಗೆ ಬ್ಯಾರಿಯಲ್ಲಿ ಮಾತಾಡಿಕೊಂಡು, ಮಂಗಳೂರಿನ ಹರಕು ಹಿಂದಿಯಲ್ಲಿ ಚೌಕಾಸಿಗೆ ಇಳಿದರು. ಅಂಗಡಿಯವರಿಗೆ ಆಶ್ಚರ್ಯ. "ಮುಸಲ್ಮಾನ್ ಹೈ, ಉರ್ದು ನೈ ಆತಿ ಕ್ಯಾ?" ಎಂದು ಕೇಳಿದರು. ಕೇಳಿದ್ದರಲ್ಲಿ ಕೊಂಕು ಇರಲಿಲ್ಲ. ಆದರೂ ನಮ್ಮಲ್ಲಿ ಕೆಲವರ ಮುಖ ಸಣ್ಣದಾಯಿತು. ಅದೇ ಪ್ರಶ್ನೆ ಆಟೋದಲ್ಲಿ ಬಂತು, ಹೋಟೆಲಿನಲ್ಲೂ ಬಂತು. ಉರ್ದು ಬಾರದವರು ಅರ್ಧ ಮುಸ್ಲಿಮರು ಎಂಬ ಭಾವನೆ ಹೊರಗಿನವರಲ್ಲಿ ಮಾತ್ರ ಅಲ್ಲ, ನಮ್ಮ ಮನಸ್ಸಿನ ಮೂಲೆಯಲ್ಲೂ ಉಂಟಲ್ಲವೇ?

ಗಮ್ಮತ್ತೆಂದರೆ, ಆ ಪ್ರಶ್ನೆಗೆ ಉತ್ತರವೂ ಅದೇ ಊರಲ್ಲಿ ಸಿಗುತ್ತದೆ. ಗೋಲ್ಕೊಂಡಾಕ್ಕೆ ಹೋದವರೆಲ್ಲ ಹೆಬ್ಬಾಗಿಲ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿ, ಅದು ಗುಡ್ಡದ ತುದಿಗೆ ಕೇಳಿಸುವ ಸೋಜಿಗ ನೋಡುತ್ತಾರೆ. ಅಲ್ಲಿಂದ ಆಳಿದ ಇಬ್ರಾಹೀಂ ಕುತುಬ್ ಷಾನ ಕಥೆ ಕೇಳುವವರು ಕಡಿಮೆ. ಯೌವನದಲ್ಲಿ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ ಆತ ತೆಲುಗಿಗೆ ಮನಸೋತ. ಆತನ ಆಸ್ಥಾನದಲ್ಲಿ ತೆಲುಗು ಕವಿಗಳಿಗೆ ಮನ್ನಣೆ ಇತ್ತು. ಅವರು ಅವನನ್ನು 'ಮಲ್ಕಿಭರಾಮ' ಎಂದು ಕರೆದರು. ಅವನ ಮಗನೇ ಚಾರ್‌ಮಿನಾರ್ ಕಟ್ಟಿಸಿದ ಮುಹಮ್ಮದ್ ಕುಲಿ. ಈತ ಕವಿತೆ ಬರೆದದ್ದು ಜನರಾಡುವ ದಖನಿಯಲ್ಲಿ. ಮರಾಠಿಯ 'ನಕೋ' ಆ ಮಾತಿನಲ್ಲಿ 'ನಕ್ಕೋ' ಆಗಿ ಕೂತಿದೆ. 'ಹೌದು' ಎನ್ನಲು ಅವರು 'ಹೌ' ಎಂದಾಗ ನಮ್ಮ ಮಕ್ಕಳು ಕನ್ನಡ ಕೇಳಿಸಿತೆಂದು ನಕ್ಕರು.

ಇನ್ನೊಂದು ಉತ್ತರ ಸಿಕ್ಕಿದ್ದು ಬಾರ್ಕಸ್‌ನಲ್ಲಿ. ನಿಜಾಮರ ಸೈನ್ಯಕ್ಕೆ ಯೆಮನ್‌ನ ಹದ್ರಮೌತ್‌ನಿಂದ ಬಂದ ಅರಬರ ಮೊಹಲ್ಲಾ ಅದು. ಬ್ಯಾರಕ್ಸ್ ಎಂಬ ಮಾತೇ ಜನರ ಬಾಯಲ್ಲಿ ಬಾರ್ಕಸ್ ಆಯಿತು. ಅಲ್ಲಿನ ಗಂಡಸರು ಬೀದಿಯಲ್ಲಿ ಲುಂಗಿ ಉಟ್ಟು ಆರಾಮ ತಿರುಗುವುದು ಕಂಡು ನಮ್ಮ ಕಾಕಂದಿರಿಗೆ ಬಂದರಿಗೇ ಬಂದಷ್ಟು ಖುಷಿ. ಅದೇ ಹದ್ರಮೌತ್‌ನಿಂದ ಕಡಲ ದಾರಿಯಲ್ಲಿ ಮಲಬಾರಿಗೆ ಬಂದ ತಂಙಳ್ ಮನೆತನಗಳನ್ನು ನಾವು ಬಲ್ಲೆವು. ಒಂದೇ ನೆಲದಿಂದ ಹೊರಟ ಜನ, ಇಳಿದ ಊರಿನ ಮಾತನ್ನು ತಮ್ಮದಾಗಿಸಿಕೊಂಡರು. ಒಬ್ಬರ ಮಕ್ಕಳು ದಖನಿ ಆಡಿದರು, ಇನ್ನೊಬ್ಬರ ಮಕ್ಕಳು ಮಲಯಾಳಂ.

ನಮ್ಮ ಕರಾವಳಿಗೆ ದೀನ್ ಬಂದದ್ದೂ ಅರಬ್ ವ್ಯಾಪಾರಿಗಳ ಹಡಗಿನ ಜೊತೆ. ಹೈದರಾಬಾದಿನ ಕಲ್ಲಿನ ಕಮಾನು ನೋಡಿದ ಮೇಲೆ ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ಬೇರೆಯದೇ ಆಗಿ ಕಾಣುತ್ತದೆ. ಅದು ಈ ಮಳೆ, ಈ ಕಾಡು, ಈ ಬಡಗಿಯ ಕೈಯಿಂದ ಹುಟ್ಟಿದ್ದು. ಮಲಯಾಳಂ, ತುಳು, ಅರಬಿ ಸೇರಿದ ನಮ್ಮ ಬಾಸೆಯೂ ಹಾಗೆಯೇ. ಅದಕ್ಕೆ 2009ರಿಂದ ಸರಕಾರದ ಸಾಹಿತ್ಯ ಅಕಾಡೆಮಿ ಉಂಟು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳನ್ನು ಕರೆಯುವುದು, ಗದರುವುದು, ಮುದ್ದು ಮಾಡುವುದು ಎಲ್ಲ ಇಂಗ್ಲಿಷಿನಲ್ಲಿ. ಅಜ್ಜಿಯ ಮಾತು ಮೊಮ್ಮಕ್ಕಳಿಗೆ ಅರ್ಥವಾಗದ ದಿನ ಬಂದರೆ ಅಕಾಡೆಮಿ ಎಂತ ಮಾಡಲಿಕ್ಕಾಗುತ್ತದೆ?

ರಜೆಯಲ್ಲಿ ಹೋಗುವವರು ಗಮನಿಸಿ: ಸಾಲಾರ್‌ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ. ಮುಸುಕಿನ ರೆಬೆಕಾಳ ಅಮೃತಶಿಲೆಯ ಮೂರ್ತಿ, ಗಂಟೆ ಬಾರಿಸುವ ಬೊಂಬೆಯ ಗಡಿಯಾರ ನೋಡಲು ಬೇರೆ ದಿನ ಇಟ್ಟುಕೊಳ್ಳಿ. ಗೋಲ್ಕೊಂಡಾಕ್ಕೆ ಬಿಸಿಲು ಏರುವ ಮೊದಲೇ ಹೋಗಿ, ನೀರಿನ ಬಾಟಲಿ ಮರೆಯಬೇಡಿ. ಉರ್ದು ನಾಲ್ಕು ಮಾತು ಕಲಿತು ಹೋದರೆ ಒಳ್ಳೆಯದೇ, ಬಳೆಯ ರೇಟಾದರೂ ಇಳಿದೀತು. 'ನಿಮ್ಮ ಮಾತು ಯಾವುದು?' ಎಂದು ಯಾರಾದರೂ ಕೇಳಿದರೆ ಮಕ್ಕಳು ತಲೆ ತಗ್ಗಿಸದೆ 'ಬ್ಯಾರಿ' ಎನ್ನಲಿ. ಎರಡು ಮಾತು ಆಡಿಯೂ ತೋರಿಸಲಿ. ಅದಕ್ಕೆ ಮೊದಲು ಮನೆಯಲ್ಲಿ ಅವರಿಗೆ ಅದು ಕೇಳಿಸುತ್ತಿರಬೇಕು.