ಕಡಲಿಗಿಳಿಯದ ಹಡಗು

ಅಮೆರಿಕದ ಸ್ಯಾನ್ ಡಿಯಾಗೋ ನಗರದ ಪಾಯಿಂಟ್ ಲೋಮಾ ಬಡಾವಣೆಯಲ್ಲಿ ರಸ್ತೆಬದಿಯ ನೆಲದ ಮೇಲೊಂದು ಯುದ್ಧನೌಕೆ ನಿಂತಿದೆ. ಹೆಸರು ‘ಯುಎಸ್‌ಎಸ್ ರಿಕ್ರೂಟ್’, ಉದ್ದ 225 ಅಡಿ. ಮಗಳ ಮನೆಗೆ ಬಂದಾಗಲೆಲ್ಲ ನನ್ನ ಸಂಜೆಯ ತಿರುಗಾಟ ಇದರ ಸುತ್ತಲೇ.

ಇದು ಯುದ್ಧ ಮುಗಿಸಿ ದಡ ಸೇರಿದ ಹಡಗಲ್ಲ, ಹುಟ್ಟಿದ್ದೇ ನೆಲದ ಮೇಲೆ. 1923ರಲ್ಲಿ ಇಲ್ಲಿ ಅಮೆರಿಕ ನೌಕಾಪಡೆಯ ತರಬೇತಿ ಕೇಂದ್ರ ಆರಂಭವಾಯಿತು. ಹೊಸದಾಗಿ ಸೇರಿದ ಹುಡುಗರಿಗೆ ಹಡಗಿನ ಬದುಕು ಕಲಿಸಲೆಂದು 1949ರ ಜುಲೈನಲ್ಲಿ ಇದನ್ನು ಸೇವೆಗೆ ಸೇರಿಸಿಕೊಂಡರು. ಕಾಂಕ್ರೀಟ್ ತಳ, ಮೇಲೆ ಮರ ಮತ್ತು ತಗಡು. ಅಳತೆಯಲ್ಲಿ ನಿಜವಾದ ನೌಕೆಯ ಮೂರರಲ್ಲಿ ಎರಡು ಪಾಲು. ಹುಡುಗರು ಇದಕ್ಕಿಟ್ಟ ಅಡ್ಡಹೆಸರು ‘ನೆವರ್‌ಸೇಲ್’, ಅಂದರೆ ಎಂದೂ ಯಾನ ಹೊರಡದ್ದು.

ಆದರೆ ಹಗ್ಗ, ದೀಪ, ಚುಕ್ಕಾಣಿ ಎಲ್ಲವೂ ನೌಕಾಪಡೆಯ ನಿಯಮದಂತೆಯೇ ಇದ್ದವು. ಹಗ್ಗದ ಗಂಟು ಹಾಕುವುದು, ಲಂಗರು ಇಳಿಸುವುದು, ಜೀವರಕ್ಷಕ ದೋಣಿಯನ್ನು ಸಂಭಾಳಿಸುವುದು, ಸಂಕೇತ ಕೊಡುವುದು ಎಲ್ಲವನ್ನೂ ಕೈಯಾರೆ ಮಾಡಿ ಕಲಿಯಬೇಕಿತ್ತು. ಇಲ್ಲಿ ಗಂಟು ಜಾರಿದರೆ ಮತ್ತೆ ಕಟ್ಟಬಹುದು, ನಡುಗಡಲಲ್ಲಿ ಜಾರಿದರೆ ಜೀವಕ್ಕೇ ಕುತ್ತು.

ಐಟಿಐನಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತನಾದ ನನಗೆ ಇದರ ಬೆಲೆ ಗೊತ್ತು. ಹೊಸ ಹುಡುಗರ ಕೈಗೆ ಮೊದಲು ಅರ ಕೊಟ್ಟು ಕಬ್ಬಿಣದ ತುಂಡೊಂದನ್ನು ಉಜ್ಜಿಸುತ್ತಿದ್ದೆವು. ಆ ತುಂಡು ಯಾವ ಯಂತ್ರಕ್ಕೂ ಹೋಗುವುದಲ್ಲ. ಕೈ ಪಳಗುವುದು ಮಾತ್ರ ಅದರಿಂದಲೇ.

1967ರಲ್ಲಿ ನೌಕೆಗಳ ಪಟ್ಟಿ ಕಂಪ್ಯೂಟರಿಗೆ ಏರಿದಾಗ, ತೇಲದ ಹಡಗನ್ನು ಸೇರಿಸಲು ಅದರಲ್ಲಿ ವರ್ಗವೇ ಇರಲಿಲ್ಲ. ಹೀಗಾಗಿ ರಿಕ್ರೂಟ್ ಪಟ್ಟಿಯಿಂದ ಹೊರಬಿತ್ತು. 1982ರಲ್ಲಿ ಆ ಕಾಲದ ಪೆರ್ರಿ ದರ್ಜೆಯ ಫ್ರಿಗೇಟ್ ನೌಕೆಯ ರೂಪ ಕೊಟ್ಟು ಮತ್ತೆ ಸೇವೆಗೆ ತಂದರು. 1997ರಲ್ಲಿ ತರಬೇತಿ ಕೇಂದ್ರವೇ ಮುಚ್ಚಿತು. ಅದರ ಕಟ್ಟಡಗಳಲ್ಲಿ ಈಗ ಅಂಗಡಿ, ಹೋಟೆಲು, ಕಲಾಶಾಲೆಗಳಿವೆ. ಜಾಗದ ಹೆಸರೂ ಬದಲಾಗಿ ಲಿಬರ್ಟಿ ಸ್ಟೇಷನ್ ಆಗಿದೆ. ಹಡಗನ್ನು ಮಾತ್ರ ಒಡೆಯಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಐತಿಹಾಸಿಕ ಸ್ಮಾರಕವೆಂದು ಗುರುತಿಸಿದೆ.

ಗೆದ್ದ ಯುದ್ಧಕ್ಕೆ, ಮಡಿದ ವೀರರಿಗೆ ಎಲ್ಲ ದೇಶಗಳಲ್ಲೂ ಸ್ಮಾರಕಗಳಿವೆ. ಹೆಸರಿಲ್ಲದ ಸಾವಿರಾರು ಹುಡುಗರು ಕೆಲಸ ಕಲಿತ ಜಾಗವನ್ನು ಉಳಿಸಿಕೊಂಡದ್ದು ಅಪರೂಪ. ಸ್ಯಾನ್ ಡಿಯಾಗೋಗೆ ಹೋಗುವ ಕನ್ನಡಿಗರು ‘ಮಿಡ್‌ವೇ’ ಎಂಬ ದೊಡ್ಡ ವಿಮಾನವಾಹಕ ನೌಕೆಯನ್ನು ತಪ್ಪದೆ ನೋಡುತ್ತಾರೆ. ಅಂಥ ನೌಕೆಗಳನ್ನು ನಡೆಸಿದವರು ಮೊದಲ ಪಾಠ ಕಲಿತದ್ದು ಇಂಥ ಕಡೆ. ಮಿಡ್‌ವೇಯಿಂದ ಕೆಲವೇ ಮೈಲಿ ದೂರದ ಈ ಹಡಗನ್ನೂ ನೋಡಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ.