ಆಯ್ದ ಅಕ್ಕಿಯ ಲೆಕ್ಕ

ಬದುಕಿಗೆ ಅರ್ಥ ಸಿಗಬೇಕು ಅಂದ್ರೆ ಕೆಲಸ ಬಿಟ್ಟು ಕಾಡಿಗೆ ಹೋಗಬೇಕಾ?

ಈ ದಂಪತಿಯ ಕಥೆ ಕೇಳಿ.
12ನೇ ಶತಮಾನ.
ಬಸವಣ್ಣನವರ ಕಲ್ಯಾಣ.
ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ.
ಬಂದದ್ದು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ.

ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದೇ ಮಾರಯ್ಯನವರ ಕಾಯಕ.
ಕಲ್ಲು, ಮಣ್ಣು ಬಿಡಿಸಿ, ಅದರಲ್ಲೇ ಅಡುಗೆ.
ಮೊದಲು ಜಂಗಮರಿಗೆ, ಅಂದ್ರೆ ಊರೂರು ಸುತ್ತುವ ಶಿವಭಕ್ತರಿಗೆ, ಊಟ.
ಆಮೇಲೆ ತಮಗೆ.

ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು.
ಲಕ್ಕಮ್ಮ ಖುಷಿಪಟ್ಟರಾ?
ಇಲ್ಲ!
ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರಲು ಕಳಿಸಿದರು.
ಅಕೌಂಟಿಗೆ ತಪ್ಪಿ ಬಿದ್ದ ಡಬಲ್ ಸಂಬಳವನ್ನು ಆಫೀಸಿಗೇ ವಾಪಸ್ ಮಾಡಿದ ಹಾಗೆ!

ಯಾಕೆ?
ಬಸವಣ್ಣನವರ ದಾರಿ ಹಿಡಿದ ಶರಣರ ನಂಬಿಕೆಯಲ್ಲಿ ಪೂಜೆ ಬೇರೆ, ದುಡಿಮೆ ಬೇರೆ ಅಲ್ಲ.
ಪ್ರಾಮಾಣಿಕ ದುಡಿಮೆಯೇ ಕಾಯಕ.
ಅದರ ಫಲ ಹಂಚಿದರೆ ದಾಸೋಹ.
ನಾಳೆಗೆಂದು ಕೂಡಿಟ್ಟರೆ ಅದು ಆಸೆ.

ಉಳಿದ ಶರಣರೂ ಹೀಗೆಯೇ.
ಮಡಿವಾಳ ಮಾಚಯ್ಯ ಬಟ್ಟೆ ಒಗೆದರು.
ಅಂಬಿಗರ ಚೌಡಯ್ಯ ದೋಣಿ ನಡೆಸಿದರು.
ನುಲಿಯ ಚಂದಯ್ಯ ಹಗ್ಗ ಹೊಸೆದರು.
ಯಾರೂ ಕಸುಬು ಬಿಟ್ಟು ದೇವರನ್ನು ಹುಡುಕಲು ಹೋಗಲಿಲ್ಲ.
ಮಾಡುವ ಕೆಲಸದಲ್ಲೇ ಬಾಳಿನ ಗುರಿ ಕಂಡರು.

ಲಕ್ಕಮ್ಮನವರ ವಚನಗಳು ಇವತ್ತಿಗೂ ಉಳಿದಿವೆ.
ಬಿಡುವಾದಾಗ ಒಂದನ್ನಾದರೂ ಓದಿ ನೋಡಿ.