ಸಣ್ಣ ವ್ಯಾಪಾರಿಯ ಪ್ರಚಾರಕ್ರಮ

ದೊಡ್ಡ ವರ್ತಕನು ಪ್ರಚಾರದಲ್ಲಿ ನಾಲ್ಕು ತಪ್ಪುಗಳನ್ನು ಮಾಡಿಯೂ ಬದುಕಬಲ್ಲನು; ಸಣ್ಣ ವ್ಯಾಪಾರಿಗಾದರೋ ಒಂದೇ ತಪ್ಪು ಸಾಕು. ಈ ಮಾತನ್ನು ನಾವು ಗ್ರಂಥಗಳಿಂದ ಕಲಿತುದಕ್ಕಿಂತ ಹೆಚ್ಚಾಗಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ಕಲಿತೆವು.

ಆತನು ಮೈಸೂರಿನಲ್ಲಿ ಊದುಬತ್ತಿಯ ಕೆಲಸವನ್ನು ಹಿಡಿದನು. ಮನೆಯ ಹಿತ್ತಿಲಿನಲ್ಲಿ ನಾಲ್ಕು ಮಂದಿ ಹೆಂಗಸರು ಬಿದಿರುಕಡ್ಡಿಗೆ ಹಿಟ್ಟನ್ನು ಹೊಸೆಯುವರು, ಮುಂಭಾಗವೇ ಅಂಗಡಿ. ಸರಕೇನೋ ಒಳ್ಳೆಯದೇ. ಆಷಾಢಮಾಸದಲ್ಲಿ ಸಾಲದ ಹಣದ ಬಹುಭಾಗವನ್ನು ಸುರಿದು 10,000 ಕರಪತ್ರಗಳನ್ನು ಅಚ್ಚುಹಾಕಿಸಿ, ಬೀದಿಬೀದಿಗಳಲ್ಲಿ ಹಂಚಿಸಿದನು. ಜನರು ಬಂದರು. ಆದರೆ ಮಳೆಗಾಲದಲ್ಲಿ ಹೊಸೆದ ಬತ್ತಿಯು ಬೇಗ ಒಣಗುವುದಿಲ್ಲವಷ್ಟೆ! ಮೂರು ದಿನಗಳಲ್ಲಿ ಅಂಗಡಿ ಬರಿದಾಯಿತು. ಬಂದವರನ್ನು ಬರಿಗೈಯಲ್ಲಿ ಕಳುಹಲಾರದೆ ಹಸಿಬತ್ತಿಗಳನ್ನೇ ಕಟ್ಟಿಕೊಟ್ಟನು. ಅವು ದೇವರ ಮುಂದೆ ಹೊತ್ತಿದಂತೆ ಮಾಡಿ ಆರಿಹೋದವು. ಶ್ರಾವಣದಲ್ಲಿ ವರಮಹಾಲಕ್ಷ್ಮೀವ್ರತವು ಬಂದಾಗ ಅವನಲ್ಲಿ ಒಣಗಿದ ಸರಕು ತುಂಬಿತ್ತು, ಕೊಳ್ಳುವವರು ಇರಲಿಲ್ಲ.

“ಮೈಸೂರು ಸ್ಯಾಂಡಲ್ ಸಾಬೂನು ಹೆಸರಾದುದು ಪ್ರಚಾರದಿಂದಲೇ ಅಲ್ಲವೇ, ಮೇಷ್ಟ್ರೇ?” ಎಂದು ಆತನು ನಮ್ಮಲ್ಲಿಗೆ ಬಂದು ಕೊರಗಿದನು. ಆನೆಯ ತಲೆಯೂ ಸಿಂಹದ ಮೈಯೂ ಉಳ್ಳ ಶರಭಮುದ್ರೆಯು ಮನೆಮಾತಾದುದು ನಿಜ. ಆದರೆ ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತಿಗೆ ಅಡ್ಡಿಯಾದಾಗ, 1916ರಲ್ಲಿ, ಮೈಸೂರು ಸಂಸ್ಥಾನವು ಮೊದಲು ಸ್ಥಾಪಿಸಿದುದು ಎಣ್ಣೆಯ ಕಾರ್ಖಾನೆಯನ್ನು. ಸಾಬೂನು ಬಂದುದು ಆಮೇಲೆ. ಹೇಳತಕ್ಕ ವಸ್ತುವು ಕೈಯಲ್ಲಿ ಇದ್ದೇ ಹೇಳಿದರು. ಅದಕ್ಕೆ ಸಂಸ್ಥಾನದ ಬೊಕ್ಕಸದ ಬೆಂಬಲವೂ ಇತ್ತೆಂಬುದನ್ನು ನಾವು ಅವನಿಗೆ ಜ್ಞಾಪಿಸಬೇಕಾಯಿತು.

ಇನ್ನು ಉಳಿದುದು ನವರಾತ್ರಿ. ಅಲ್ಲಿಂದ ಹಿಂದಕ್ಕೆ ಲೆಕ್ಕಹಾಕಲು ಕುಳಿತೆವು: ಹಬ್ಬಕ್ಕೆ ಮುಂಚೆ ಒಣಗಿ ಸಿದ್ಧವಾಗತಕ್ಕ ಕಟ್ಟುಗಳು ಎಷ್ಟು? ಅಷ್ಟಕ್ಕೆ ಬೇಕಾದ ಗಿರಾಕಿಗಳನ್ನು ಮಾತ್ರವೇ ಕರೆಯತಕ್ಕದ್ದು. ಕೊಳ್ಳುವವರು ಯಾರೆಂದು ಕೇಳಿದರೆ ಆತನು “ಎಲ್ಲರೂ” ಎಂದನು. ಈ ಉತ್ತರವನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ನಾವು ಸೊನ್ನೆ ಕೊಡುತ್ತಿದ್ದೆವು. ಒಂದು ಗಂಟೆಯ ಚರ್ಚೆಯಾದ ಮೇಲೆ, ದಿನವೂ ಪೂಜೆಮಾಡುವ ಗೃಹಸ್ಥರು, ಗುಡಿಯ ಮುಂದೆ ಹೂವು ಕೊಳ್ಳುವ ಹೆಂಗಸರು, ಹಳೆಯ ಮಾರುಕಟ್ಟೆಯ ಗಿರಾಕಿಗಳು, ಇಷ್ಟಕ್ಕೆ ಇಳಿದನು.

ಅಮೆರಿಕದ ಕ್ಲಾಡ್ ಹಾಪ್‌ಕಿನ್ಸ್ ಎಂಬ ಪ್ರಚಾರಜ್ಞರು 1923ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಜಾಹೀರಾತಿಗೆ ಗುರುತಿನ ಚೀಟಿಯನ್ನು ಸೇರಿಸಿ ಯಾವುದರಿಂದ ಎಷ್ಟು ಫಲ ಬಂದಿತೆಂದು ಎಣಿಸಬೇಕೆಂದೂ, ಮೊದಲು ಅಲ್ಪವ್ಯಯದಲ್ಲಿ ಪರೀಕ್ಷಿಸಿ ತರುವಾಯ ವಿಸ್ತರಿಸಬೇಕೆಂದೂ ಪ್ರತಿಪಾದಿಸಿದ್ದಾರೆ. ಇದನ್ನು ಊದುಬತ್ತಿಗೆ ಹೊಂದಿಸುವುದು ಕಷ್ಟವಾಗಲಿಲ್ಲ. ಗುಡಿಯ ಬಳಿ ಕೆಂಪು ಚೀಟಿ, ಮಾರುಕಟ್ಟೆಯಲ್ಲಿ ನೀಲಿ ಚೀಟಿ, ಎರಡೂ 200ರಂತೆ ಮಾತ್ರ. ಚೀಟಿ ತಂದವರಿಗೆ ಎರಡು ಬತ್ತಿಗಳು ಉಚಿತ. ಹೂವಾಡಗಿತ್ತಿಯೊಬ್ಬಳಿಗೆ ದಿನವೂ ಒಂದಿಷ್ಟು ಬತ್ತಿ ಕೊಟ್ಟು, ಸಂಜೆಯ ಮಂಗಳಾರತಿಯ ವೇಳೆಗೆ ಆಕೆಯ ಬುಟ್ಟಿಯ ಪಕ್ಕದಲ್ಲಿ ಹಚ್ಚಿಡುವ ಏರ್ಪಾಡೂ ಆಯಿತು. ಗಂಧದ ವಸ್ತುವನ್ನು ಅಕ್ಷರದಲ್ಲಿ ಎಷ್ಟು ವರ್ಣಿಸಿದರೇನು? ಮೂಗಿಗೆ ಮುಟ್ಟಿದ ಮೇಲೆ ಅಲ್ಲವೇ ನಂಬಿಕೆ!

ಕೆಂಪು ಚೀಟಿಗಳು ಕಂತೆಕಂತೆಯಾಗಿ ಹಿಂದಿರುಗಿದುವು, ನೀಲಿಯವು ಬೆರಳೆಣಿಕೆಯಷ್ಟು. ಆತನು ಮಾರುಕಟ್ಟೆಯನ್ನು ಬಿಟ್ಟು, ಇನ್ನೆರಡು ಗುಡಿಗಳ ಮುಂದೆ ಹೂವಿನವರನ್ನು ಹುಡುಕಿದನು. ಚೀಟಿಯ ಎಣಿಕೆ ಮಾತ್ರ ಸಾಲದೆಂದು ನಾವು ಹಟಹಿಡಿದೆವು. ಉಚಿತಕ್ಕೆ ಬಂದವನು ಎರಡನೆಯ ಸಲ ಹಣಕೊಟ್ಟು ಕೊಂಡನೇ ಎಂಬುದನ್ನೂ ಬರೆದಿಡಬೇಕು. ಬೇಸರದ ಕೆಲಸವೇ, ಆದರೂ ಮಾಡಿದನು.

ಸಾಲದಲ್ಲಿ ಅರ್ಧವು ತೀರಿದೆ. ಆಷಾಢದಲ್ಲಿ ಈಗ ಆತನು ಬಾಯಿಬಿಡುವುದಿಲ್ಲ. ಬಿಸಿಲು ಬಂದ ದಿನ ಬತ್ತಿ ಒಣಗಿಸುತ್ತಾನೆ. ಹಂಚಿ ಉಳಿದ ಹಳೆಯ ಕರಪತ್ರಗಳು ಇನ್ನೂ ಒಂದು ಪೆಟ್ಟಿಗೆಯಷ್ಟಿವೆ. ಎರಡನೆಯ ಸಲ ಬಂದ ಗಿರಾಕಿಗಳ ಲೆಕ್ಕವನ್ನು ಅವುಗಳ ಹಿಂಬದಿಯಲ್ಲಿಯೇ ಬರೆಯುತ್ತಾನೆ.